ಪಾಲಾದ ಜೀಪು

“ಯಾವ ಗುಜರಿಯಿಂದಲಾದ್ರೂ ತಾ. ನಮ್ಮಣ್ಣನ ಹತ್ರ ಇರೋ ಚಾಸಿ ಮಾತ್ರ ನನ್ನ ಗಾಡಿಗೆ ಬೇಡ,” ಎಂದು ಅವನು ಮೆಕ್ಯಾನಿಕ್‌ಗೆ ಮೊದಲ ದಿನವೇ ಹೇಳಿದ್ದ.

ಆಸ್ತಿ ಪಾಲಾದಾಗ ಅಣ್ಣ ತಮ್ಮ ಇಬ್ಬರೂ ಅಪ್ಪನ ಹಳೆಯ ಜೀಪನ್ನೂ ಬಿಟ್ಟಿರಲಿಲ್ಲ. ಹಟಕ್ಕೆ ಬಿದ್ದು ಬಿಚ್ಚಿಸಿ, ಇಂಜಿನ್ನನ್ನು ತಮ್ಮ ಒಯ್ದ, ಚಾಸಿಯನ್ನು, ಅಂದರೆ ಅಡಿಯ ಕಬ್ಬಿಣದ ಚೌಕಟ್ಟನ್ನು, ಅಣ್ಣ ಒಯ್ದ. ಆಮೇಲೆ ಮಾತಿಲ್ಲ. ಈಗ ತಮ್ಮನು ಅದೇ ಇಂಜಿನ್ನಿಗೆ ಸುಮೋದ ಚಕ್ರ, ಮಾರುತಿಯ ಸೀಟು ಸೇರಿಸಿ, ಕಡಿಮೆ ಖರ್ಚಿನಲ್ಲಿ ಒಂದು ರೇಸ್ ಗಾಡಿ ಕಟ್ಟಿಸುತ್ತಿದ್ದ.

ಗಾಡಿ ಸಿದ್ಧವಾದ ದಿನ ಒಂದು ಸುತ್ತು ಓಡಿಸಿ ಬಂದು, ಬಗ್ಗಿ ಕೆಳಗೆ ನೋಡಿದ. ಜಲ್ಲಿ ಸಿಡಿದು ಚಾಸಿಯ ಕಪ್ಪು ಬಣ್ಣ ಎದ್ದ ಕಡೆ, ಅಪ್ಪ ಬಳಿದಿದ್ದ ಹಸಿರು ಇಣುಕುತ್ತಿತ್ತು.

“ಇದು ಅವನದ್ದೇ ಅಲ್ವಾ?”

“ಹೌದು ಸಾರ್. ಅವರೇ ತಂದು ಕೊಟ್ರು.”

ಅವನು ಕೈಗೆ ಸಿಕ್ಕ ಸ್ಪ್ಯಾನರನ್ನು ಗೋಡೆಗೆ ಎಸೆದ. “ಅವನ ಭಿಕ್ಷೆ ನನಗೆ ಬೇಡ. ಈಗ್ಲೇ ಬಿಚ್ಚಿ ಅವನ ಮನೆ ಮುಂದೆ ಬಿಸಾಕು.”

ಮೆಕ್ಯಾನಿಕ್ ಕೈ ಒರೆಸಿಕೊಂಡ. “ನೀವು ಹೀಗೇ ಅಂತೀರಿ ಅಂತ ಅವರಿಗೆ ಗೊತ್ತಿತ್ತು ಸಾರ್. ಇಂಜಿನ್ನನ್ನ ಚಾಸಿಗೆ ಬೋಲ್ಟ್ ಹಾಕ್ಬೇಡ, ವೆಲ್ಡ್ ಮಾಡು ಅಂತ ಪಕ್ಕದಲ್ಲೇ ನಿಂತು ಮಾಡಿಸಿದ್ರು.”