ಸಾಹೇಬ ಕುಡಿದ ಮಜ್ಜಿಗೆ

ಮಾಳಿಂಗ ಹಾರೆ ಎತ್ತಿದ್ದ. ಅಷ್ಟರಲ್ಲಿ ನಿಂಬೆವ್ವ ಬಂದು, ಫಲಕ ನೆಡಲು ತೋಡುತ್ತಿದ್ದ ಗುಂಡಿಯೊಳಗೇ ಕಾಲಿಟ್ಟು ನಿಂತುಬಿಟ್ಟಳು.

"ಆಯಿ, ಸರಿ ಆಚಿಗೆ. ಕಾಲಮ್ಯಾಗ ಹಾರಿ ಬಿದ್ದರ ಊರೆಲ್ಲಾ ನನಗ ಬೈತದ."

"ಬಿದ್ದರ ಬೀಳಲಿ. ಮಾಸ್ತರ್ರ, ಆ ಬೋರ್ಡಿನಾಗ ಏನು ಬರದೀರಿ, ಇನ್ನೊಮ್ಮಿ ಓದ್ರಿ."

ದೌಲತರಾಯ ಮಾಸ್ತರರು ಆಳಂದದ ಕಾಲೇಜಿನಲ್ಲಿ ಕಲಿಸಿ ನಿವೃತ್ತರಾದವರು. ನಿಜಾಮರ ಕಾಲದಲ್ಲಿ ಈ ಸೀಮೆಯ ಕಾರಭಾರಕ್ಕೆ ಬಂದಿದ್ದ ವಿಲ್ಮಟ್ ಸಾಹೇಬನ ಪುಸ್ತಕಗಳನ್ನು ಕನ್ನಡಕ್ಕೆ ತಂದವರು ಅವರೇ. ಈಜಿಪ್ಟು, ಬರ್ಮಾ, ಹಿಮಾಲಯ ಎಂದು ಅರ್ಧ ಆಯುಷ್ಯ ಕುದುರೆಯ ಮೇಲೆ ಕಳೆದು, ಕಂಡಿದ್ದನ್ನೆಲ್ಲ ಬರೆದಿಟ್ಟು ಹೋದ ಸಾಹೇಬ. ಅವನು ಡೇರೆ ಹಾಕಿದ ಊರಿಗೆಲ್ಲ ಒಂದೊಂದು ಫಲಕ ನೆಡಿಸುತ್ತ ಮಾಸ್ತರರು ಜೇವರ್ಗಿ, ಅಫಜಲಪುರ ದಾಟಿ ನಿಂಬರ್ಗಾದ ಆಚೆಯ ಈ ಹಳ್ಳಿಗೆ ಬಂದಿದ್ದರು. ಇಲ್ಲಿ ಗೊತ್ತುಮಾಡಿದ ಜಾಗ ಬಸ್ ನಿಲ್ಲುವಲ್ಲಿ, ನಿಂಬೆವ್ವನ ಖಾನಾವಳಿಯ ಎದುರಿಗೇ.

ಮಾಸ್ತರರು ಓದಿದರು. "'ಈ ಗ್ರಾಮದಲ್ಲಿ ಲಚಮವ್ವ ಎಂಬ ಹೆಂಗಸು ನನಗೆ ಮಜ್ಜಿಗೆಯಲ್ಲಿ ವಿಷವಿಕ್ಕಿದಳು. ದೇವರ ದಯೆಯಿಂದ ಬದುಕಿದೆ.' ಇದು ಸಾಹೇಬರ ಮಾತು, ನಂದಲ್ಲ."

"ಲಚಮವ್ವ ನನ್ನ ಗಂಡನ ಮುತ್ತಜ್ಜಿರಿ. ನಿಮ್ಮ ಸಾಹೇಬ ಬಿಸಲಾಗ ಹೊಟ್ಟಿ ಬಿರಿಯೂವಂಗ ಕಲ್ಲಂಗಡಿ ತಿಂದು ಬಂದಿದ್ದನಂತ. ಹೊಟ್ಟಿ ಕೆಟ್ಟದ್ದು ಅದಕ್ಕ. ವಿಷ ಹಾಕಿಸಿದಾಂವ ಇವನ ಅಂತ ಸಾಹೇಬನ ಮಂದಿ ಅಕಿ ಗಂಡನ್ನ ಹಿಡಕೊಂಡು ಹೋದ್ರು, ಹೆಣಾನೂ ಮನಿಗಿ ಬರಲಿಲ್ಲ."

"ಹಂಗಂತ ನೀವು ಅಂತೀರಿ. ಅವರು ಬರದಿಟ್ಟಾರ."

"ಬರಿಯಾಕ ಬರ್ತಿತ್ತು, ಬರದ. ಅಕಿಗಿ ಬರ್ತಿದ್ದಿಲ್ಲ."

"ಆಯಿ, ಬೋರ್ಡಿನಾಗ ಎಮ್ಮೆಲ್ಲೆ ಹೆಸರು ಬಿಟ್ಟರ ನಿಮ್ಮ ಮನಿದೇ ನೋಡು," ಎಂದು ಮಾಳಿಂಗ ಹಲ್ಲು ಬಿಟ್ಟ.

"ನಿಮ್ಮವ್ವನ ಹೆಸರು ಬರಸ್ಕೊ ಹೋಗಲೇ!"

ಮೊಮ್ಮಗಳು ಸುವರ್ಣಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಎಲ್ಲವನ್ನೂ ನೋಡುತ್ತಿದ್ದಳು. ನಾಲ್ಕು ಜನರ ಮುಂದೆ ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಈಗಷ್ಟೇ ಬಸ್ಸಿಳಿದ ಗಂಡ ಹೆಂಡತಿ ಖಾನಾವಳಿಯ ಕಡೆ ಬಂದರು. ಗಂಡ ಗೋಡೆಗೆ ಒರಗಿಸಿದ್ದ ಫಲಕವನ್ನು ಓದಿದ. ಹೆಂಡತಿಯ ಕಿವಿಯಲ್ಲಿ ಏನೋ ಅಂದ. "ಆಳಂದದಾಗ ಉಣ್ಣಾನು, ನಡಿ," ಎಂದು ಇಬ್ಬರೂ ತಿರುಗಿ ಬಸ್ ಹತ್ತಿದರು. ಫಲಕವಿನ್ನೂ ನೆಟ್ಟೇ ಇರಲಿಲ್ಲ.

"ಹಳೀ ಕಥಿಗಿ ಇಷ್ಟ್ಯಾಕ ಸಿಟ್ಟಾಗ್ತೀರಿ?" ಮಾಸ್ತರರು ಬೆವರು ಒರೆಸಿಕೊಂಡರು. "ಇವತ್ತಿನ ಕಾಲದಾಗ ಇದನ್ನ ಯಾರು ನಂಬ್ತಾರ್ರಿ?"

ಸುವರ್ಣಾ ಎದ್ದಳು. ಗಡಿಗೆಯಿಂದ ಗ್ಲಾಸಿಗೆ ಮಜ್ಜಿಗೆ ಬಗ್ಗಿಸಿದಳು. ಲಚಮವ್ವನ ಕಾಲದಿಂದ ಆ ಮನೆಯಲ್ಲೊಂದು ನೇಮ. ಯಾರಿಗೇ ಕುಡಿಯಲು ಕೊಡಲಿ, ಮೊದಲು ತಮ್ಮ ಅಂಗೈಗೆ ಒಂದಿಷ್ಟು ಹಾಕಿಕೊಂಡು ಅವರೆದುರಿಗೇ ಕುಡಿಯಬೇಕು. ಉಪ್ಪು ನೋಡುತ್ತಾರೆ ಎಂದುಕೊಂಡು ಗಿರಾಕಿಗಳು ಸುಮ್ಮನಿರುತ್ತಿದ್ದರು. ಇವತ್ತು ಸುವರ್ಣಾ ಕುಡಿಯಲಿಲ್ಲ. ನೆಟ್ಟಗೆ ಹೋಗಿ ಮಾಸ್ತರರ ಮುಂದೆ ಗ್ಲಾಸು ಚಾಚಿದಳು.

"ಬಿಸಲಾಗ ನಿಂತೀರಿ. ಕುಡೀರಿ ಸರ್."

"ಯವ್ವಾ, ನೀ ಮೊದಲ..." ಎನ್ನುತ್ತ ನಿಂಬೆವ್ವ ಮೊಮ್ಮಗಳ ಮುಖ ನೋಡಿದಳು.

ಮಾಸ್ತರರು ಗ್ಲಾಸು ತುಟಿಯವರೆಗೆ ಒಯ್ದರು. ಅಲ್ಲೇ ತಡೆದರು. ಒಳಗೆ ಇಣುಕಿದರು. "ಇದು... ಯಾವಾಗ ಮಾಡಿದ್ದವಾ?"

"ಮುಂಜಾನಿ ರೀ."

"ನನಗ ಮಜ್ಜಿಗಿ ಅಷ್ಟು ಆಗಿಬರಂಗಿಲ್ಲ ನೋಡು..."

"ಮಾಸ್ತರ್ರ, ಹಳೀ ಕಥಿರೀ ಅದು!" ಎಂದ ಮಾಳಿಂಗ. ಯಾರೋ ಕಿಸಕ್ಕೆಂದರು. ಸುವರ್ಣಾ ಕಣ್ಣು ಕೆಳಗೆ ಮಾಡಲಿಲ್ಲ.

ಮಾಸ್ತರರ ಮುಖ ಕೆಂಪೇರಿತು. ಕಣ್ಣು ಮುಚ್ಚಿ ಒಂದೇ ಗುಟುಕಿಗೆ ತಳ ಕಾಣಿಸಿದರು.

"ನೋಡ್ರಿ, ಕುಡದೆ! ಆತಿಲ್ಲ? ಹ್ಞೂಂ ಮಾಳಿಂಗ, ತೆಗ್ಗು ತೋಡು."

ಮಾಳಿಂಗ ಹಾರೆ ಎತ್ತಲಿಲ್ಲ. ಅವನೂ, ಬಸ್ಸಿನ ಕಿಟಕಿಯಲ್ಲಿದ್ದವರೂ, ನಿಂಬೆವ್ವನೂ ಮಾಸ್ತರರ ಎಡಗೈಯನ್ನೇ ನೋಡುತ್ತಿದ್ದರು. ಅದು ಅವರಿಗೇ ತಿಳಿಯದಂತೆ ಹೋಗಿ, ಹೊಟ್ಟೆಯ ಮೇಲೆ ಕೂತು, ಮೆಲ್ಲಗೆ ಒತ್ತಿ ಒತ್ತಿ ನೋಡುತ್ತಿತ್ತು.