ಮಂಚದ ತಲೆದೆಸೆ

"ಡಾಕ್ಟರು ಎತ್ತರಿಸಿ ಅಂದದ್ದು ಮಂಚಾನ, ನಿಮ್ಮ ತಲೇನಲ್ಲ!" ಹೆಂಡತಿ ನಡುವಿನ ದಿಂಬನ್ನು ಸರ್ರನೆ ಎಳೆದಳು. ದಿಂಬುಗಳ ಗೋಪುರಕ್ಕೆ ಒರಗಿದ್ದ ಬಡಗಿಯ ಕತ್ತು ದೊಪ್ಪೆಂದು ಕೆಳಗಿಳಿಯಿತು.

"ಎರಡೂ ಒಂದೇ ಅಲ್ವೇನೇ?"

"ಒಂದೇ ಅಲ್ಲಪ್ಪ," ಬಾಗಿಲಲ್ಲಿ ನಿಂತಿದ್ದ ಮಗಳು ಹೇಳಿದಳು. "ದಿಂಬು ಪೇರಿಸಿದ್ರೆ ಹೊಟ್ಟೆ ಮಡಚಿಕೊಂಡು ಹುಳಿ ಇನ್ನೂ ಮೇಲಕ್ಕೆ ನುಗ್ಗತ್ತೆ. ತಲೆದೆಸೆಯ ಕಾಲುಗಳ ಕೆಳಗೆ ಆರಿಂಚು ಏನಾದ್ರೂ ಕೊಡಬೇಕು, ಮೈಪೂರ್ತಿ ಇಳಿಜಾರಲ್ಲಿರಬೇಕು." ಅವಳ ಎರಡು ಕೈಯಲ್ಲೂ ಹಿತ್ತಿಲಿನಿಂದ ತಂದ ಇಟ್ಟಿಗೆಗಳು.

ಇಟ್ಟಿಗೆ ಕಂಡದ್ದೇ ತಡ, ಬಡಗಿ ಎದ್ದು ಕೂತ. "ನನ್ನ ಮಂಚದ ಕಾಲಿಗೆ ಇಟ್ಟಿಗೆಯಾ? ಒಲೆ ಹೂಡ್ತಿದೀಯೇನೇ?"

ಹೋದ ವಾರ ಆಸ್ಪತ್ರೆಯಲ್ಲಿ ಗಂಟಲಿನೊಳಗೆ ಕೊಳವೆ ಇಳಿಸಿ ನೋಡಿದ್ದರು. ವರ್ಷಾನುಗಟ್ಟಲೆ ಹುಳಿ ಮೇಲೆ ಬಂದು ಬಂದು ಅನ್ನನಾಳದ ಕೆಳತುದಿಯ ಒಳಪದರ ಬೇರೆಯೇ ಬಗೆಯದಾಗಿತ್ತು. ಕ್ಯಾನ್ಸರ್ ಅಲ್ಲ, ಹಾಗೇ ಬಿಟ್ಟರೆ ಆ ದಾರಿ ಹಿಡಿದರೂ ಹಿಡಿಯಬಹುದು ಎಂದಿದ್ದರು. ದಿನಾ ಮಾತ್ರೆ ನುಂಗುವುದಕ್ಕೆ ಬಡಗಿ ಒಪ್ಪಿದ. ಸಿಗರೇಟನ್ನು ಬೈದುಕೊಂಡೇ ಬಿಟ್ಟ. ರಾತ್ರಿಯ ಊಟವನ್ನು ಇನ್ನೂ ಬೆಳಕಿರುವಾಗಲೇ ಮುಗಿಸತೊಡಗಿದ. ಮತ್ತೆ ಕೊಳವೆ ಇಳಿಸಿ ನೋಡುತ್ತಿರಬೇಕು ಎಂದದ್ದಕ್ಕೂ ಹೂಂಗುಟ್ಟಿದ. ಮಂಚದ ಮಾತು ಬಂದಾಗ ಮಾತ್ರ ಕಿವುಡನಾಗಿಬಿಡುತ್ತಿದ್ದ.

ಮಂಚ ಮಾಡಿಕೊಟ್ಟ ಮನೆಗಳಲ್ಲೆಲ್ಲ ಅದರ ನಡುಮಧ್ಯೆ ಅಂಚಿನವರೆಗೆ ನೀರು ತುಂಬಿದ ಲೋಟ ಇಟ್ಟು, ಒಂದು ಹನಿಯೂ ತುಳುಕದಿದ್ದರೆ ಮಾತ್ರ ಕೂಲಿ ಕೇಳುತ್ತಿದ್ದ ಮನುಷ್ಯ ಅವನು. ಈ ಮಂಚವನ್ನಂತೂ ಮದುವೆ ಗೊತ್ತಾದ ಮೇಲೆ, ಗಿರಾಕಿಗಳ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ, ಒಂದು ಮೊಳೆಯೂ ಇಲ್ಲದೆ ಕೂಡಿಸಿದ್ದ. ಹೆಂಡತಿಯಾಗಲಿದ್ದವಳು ಏನೋ ನೆಪ ಹೂಡಿಕೊಂಡು ಇವನ ಅಂಗಡಿಗೆ ಬರುತ್ತಿದ್ದಳು. ಮರದ ಸಿಪ್ಪೆಯ ರಾಶಿಯ ಮೇಲೆ ಕೂತು ಬಳ್ಳಿ ಕೆತ್ತಿದ ತಲೆಹಲಗೆಗೆ ಎಣ್ಣೆ ತಿಕ್ಕುತ್ತ, "ಈ ಬಳ್ಳಿಗೆ ಇನ್ನೊಂದೆಲೆ ಬೇಕು" ಎಂದು ತಗಾದೆ ತೆಗೆಯುತ್ತಿದ್ದಳು. ನಾಳೆಯೂ ಬರಲಿ ಎಂದು ಇವನು ಒಂದೊಂದೇ ಎಲೆ ಕೆತ್ತುತ್ತಿದ್ದ. ಹೀಗಾಗಿ ಆ ಬಳ್ಳಿಯಲ್ಲಿ ಬಳ್ಳಿಗಿಂತ ಎಲೆಯೇ ಹೆಚ್ಚು. ಮುಂದೆ ಅದೇ ಹಲಗೆ ಹಿಡಿದು ಮಗಳು ಮೊದಲ ಸಲ ಎದ್ದು ನಿಂತದ್ದು.

"ಇಷ್ಟು ವರ್ಷ ಕೂದಲೆಳೆಯಷ್ಟೂ ಓರೆಯಾಗದೆ ನಿಂತಿದೆ," ಎಂದ ಬಡಗಿ. "ಈಗ ನನ್ನ ಕೈಯಾರೆ ಸೊಟ್ಟ ಮಾಡಲಾ? ನೋಡಿದವರು ಏನಂದಾರು?"

"ನಾವು ಮಲಗೋ ಕೋಣೆಗೆ ಯಾರ್ರೀ ಬರ್ತಾರೆ ನೋಡೋಕೆ?"

ಮಗಳು ನಗು ತಡೆಯಲಾರದೆ ಮುಖ ತಿರುಗಿಸಿದಳು. ಹೆಂಡತಿ ನಗಲಿಲ್ಲ. ತಲೆಹಲಗೆಯ ಎಲೆಗಳ ಮೇಲೆ ಬೆರಳಾಡಿಸುತ್ತ ಮೆಲ್ಲಗೆ ಅಂದಳು: "ಮಂಚ ಓರೆಯಾದ್ರೆ ಹೇಗೋ ಮಲಗ್ತೀನಿ. ನೀವೇ ಇಲ್ಲದ ಮಂಚ ಮಟ್ಟಸವಾಗಿದ್ದು ನಂಗೇನಾಗ್ಬೇಕು?"

ಬಡಗಿ ಮಂಚದಿಂದಿಳಿದ. ಮಗಳ ಕೈಯಿಂದ ಇಟ್ಟಿಗೆಗಳನ್ನು ಕಸಿದುಕೊಂಡು ಹೊರನಡೆದ. ಅಂಗಳದಾಚೆಯ ಅಂಗಡಿಯಿಂದ ಗರಗಸದ ಸದ್ದು ಬಂತು, ಆಮೇಲೆ ಉಳಿಯ ಸದ್ದು. ಮಧ್ಯಾಹ್ನದ ಹೊತ್ತಿಗೆ ಎರಡು ಗಟ್ಟಿ ಮರದ ತುಂಡುಗಳನ್ನು ಎದೆಗವಚಿಕೊಂಡು ಬಂದ. ಮಂಚದ ಕಾಲು ಜಾರದಂತೆ ಒಂದೊಂದರ ನೆತ್ತಿಯಲ್ಲೂ ಕುಳಿ ತೋಡಿದ್ದ. ಯಾರಿಗೂ ಕಾಣದ ಜಾಗಕ್ಕೆ ಹೋಗುವ ಅವಕ್ಕೂ ಅಂಚು ಕೀಸಿ ನುಣುಪು ಮಾಡಿದ್ದ. ತಾಯಿ ಮಗಳು ತಲೆದೆಸೆ ಎತ್ತಿ ಹಿಡಿದರು. ಅವನು ಮಂಡಿಯೂರಿ ಅವನ್ನು ಕೂರಿಸಿದ.

"ಬಾ, ಮಲಗಿ ನೋಡು."

"ಹಾಡಹಗಲಲ್ಲೇ? ಮಗಳ ಮುಂದೆ?"

"ನಾನು ಹೋದೆ, ಹೋದೆ," ಎನ್ನುತ್ತ ಮಗಳು ಬಾಗಿಲೆಳೆದುಕೊಂಡಳು.

ಒಂದೊಂದೇ ದಿಂಬಿಗೆ ತಲೆಯಿಟ್ಟು ಇಬ್ಬರೂ ಸೂರು ನೋಡುತ್ತ ಮಲಗಿದರು.

"ದೋಣಿ ಹತ್ತಿದ ಹಾಗಿದೆ," ಎಂದಳು. "ಎದೆಯುರಿ ಹೇಗಿದೆ?"

"ಇರು, ಈಗಿನ್ನೂ ಮಲಗಿದೀನಿ."

ಬೆಳಗಿನಿಂದ ದಣಿದಿದ್ದ ಅವಳಿಗೆ ಹಾಗೇ ಜೊಂಪು ಹತ್ತಿತು. ಸ್ವಲ್ಪ ಹೊತ್ತಿಗೆಲ್ಲ ನಿದ್ದೆಯಲ್ಲೇ ಮೆಲ್ಲಮೆಲ್ಲಗೆ ಕೆಳಕ್ಕೆ ಜಾರತೊಡಗಿದಳು. ಬಡಗಿ ಎಬ್ಬಿಸಲಿಲ್ಲ. ತನ್ನ ಒಂದು ಕಾಲನ್ನು ಅವಳ ಪಾದಗಳಾಚೆ ಅಡ್ಡಕ್ಕೆ ಚಾಚಿದ. ಅವಳ ಹಿಮ್ಮಡಿಗಳು ಜಾರುತ್ತ ಬಂದು ಅದಕ್ಕೆ ಆತು ನಿಂತವು.