ಬೆರಳೆತ್ತಿ ಕನಸಿಗೆ

ಮೆಕ್ಕಾದ ಝಂಝಂ ನೀರಿನ ಬಾಟಲಿ ಕಂಡರೆ ನನಗೆ ಈಗಲೂ ಕೆಮ್ಮು ಬರುತ್ತದೆ.

ಮೆಲ್ಕಾರಿನ ಮನೆಯಲ್ಲಿ ಅದೊಂದು ಮಧ್ಯಾಹ್ನ, ದುಬೈಯಲ್ಲಿದ್ದ ಉಪ್ಪನನ್ನು, ಅಂದರೆ ಅಪ್ಪನನ್ನು, ನೋಡಲು ನಾನು ಎಚ್ಚರವಿದ್ದುಕೊಂಡೇ ನೇರವಾಗಿ ಕನಸಿನೊಳಗೆ ಹೊರಟಿದ್ದೆ. ಉಪಾಯ ಪಕ್ಕದ ಮನೆಯ ಗೆಳತಿಯದು: "ಅಲ್ಲಾಡದೆ ಮಲಗು ಮಾರಾಯ್ತಿ. ಒಂದು ಬೆರಳು ಮಾತ್ರ ಎತ್ತಿ ಹಿಡಿ. ಮೈ ನಿದ್ದೆ ಮಾಡ್ತದೆ, ಬೆರಳು ನಿನ್ನನ್ನು ಎಚ್ಚರ ಇಡ್ತದೆ."

ಬೆನ್ನಿಗೆ ಒತ್ತುತ್ತಿದ್ದ ಚಾಪೆ ಮೆಲ್ಲಗೆ ಮರೆತುಹೋಯಿತು. ಉಪ್ಪನ ಕೋಣೆಯ ಬಾಗಿಲು ಕಂಡಿತು. ತಟ್ಟಬೇಕು ಎನ್ನುವಷ್ಟರಲ್ಲಿ ಬಾಯೊಳಗೆ ನೀರು ನುಗ್ಗಿತು.

ಕಣ್ಣು ಬಿಟ್ಟರೆ ಉಪ್ಪನ ತಾಯಿ, ನನ್ನ ಉಮ್ಮಮ್ಮ. ನಮ್ಮಲ್ಲಿ ಸಾಯುವವರು ಹಾಗೆ ತೋರುಬೆರಳೆತ್ತಿ, ದೇವರೊಬ್ಬನೇ ಎಂಬ ಕಲಿಮ ಹೇಳುತ್ತಾರೆ. ಮೊಮ್ಮಗಳು ಹೊರಟೇಬಿಟ್ಟಳೆಂದು ಹೆದರಿ, ತಮ್ಮ ಕೊನೆಯ ಗಳಿಗೆಗೆಂದು ಜೋಪಾನವಾಗಿಟ್ಟಿದ್ದ ಝಂಝಂ ಅಷ್ಟನ್ನೂ ನನ್ನ ಬಾಯಿಗೆ ಸುರಿದಿದ್ದರು.

ಕೆಮ್ಮುತ್ತಲೇ ವಿಷಯ ಹೇಳಿದೆ. ಬೈಯುತ್ತಾರೆಂದುಕೊಂಡರೆ, "ಅವನ ಕೋಣೆ ಹೇಗುಂಟು?" ಎಂದು ಕೇಳಿದರು.

"ಬಾಗಿಲು ಮಾತ್ರ ಕಂಡದ್ದು. ಅಷ್ಟರಲ್ಲಿ ನೀವು ನೀರು ಹಾಕಿದ್ದು."

ಉಮ್ಮಮ್ಮ ಖಾಲಿ ಬಾಟಲಿ ಬದಿಗಿಟ್ಟರು. ತಲೆಯ ಬಟ್ಟೆ ಸರಿಮಾಡಿಕೊಂಡು ಚಾಪೆಯ ಮೇಲೆ ಅಂಗಾತ ಮಲಗಿ ಬೆರಳೆತ್ತಿದರು.

"ಸ್ವಲ್ಪ ಆಚೆ ಸರಿ. ಯಾರಾದರೂ ನೀರು ತಂದರೆ ಬೇಡ ಅಂತ ಹೇಳು."